ಗಿಡ್ಡ ಹುಲ್ಲಿಗೂ ಕೈತೋಟದಲ್ಲಿ ಜಾಗವಿರಲಿ

ಮಾನ್ಯ ಸಂಪಾದಕರೇ,

ಕೈತೋಟದ ಬರಹಗಳಲ್ಲಿ ಹೂಗಿಡಗಳಿಗೆ ಸಿಗುವ ಗಮನ ಅಲಂಕಾರಿಕ ಹುಲ್ಲುಗಳಿಗೆ ಸಿಗುವುದಿಲ್ಲ. ಹುಲ್ಲೆಂದರೆ ಕಿತ್ತೆಸೆಯಬೇಕಾದ ಕಳೆ ಎಂಬ ಭಾವನೆಯೇ ಇದಕ್ಕೆ ಕಾರಣವಿರಬಹುದು. ಆದರೆ ನೆಲದಡಿಯಲ್ಲಿ ದೂರ ಹಬ್ಬದೆ, ಬುಡದಲ್ಲೇ ತೆಂಡೆಯೊಡೆದು (ಮರಿಚಿಗುರು ಬಿಟ್ಟು) ಗುಂಪಾಗಿ ಬೆಳೆಯುವ ಗಿಡ್ಡ ಜಾತಿಗಳು ಇಕ್ಕಟ್ಟಾದ ಜಾಗಕ್ಕೂ ಕುಂಡಕ್ಕೂ ಚೆನ್ನಾಗಿ ಹೊಂದುತ್ತವೆ. ಸುಮಾರು 30 ಸೆಂ.ಮೀ. ಎತ್ತರದ ನೀಲಿ ಫೆಸ್ಕ್ಯೂ ಹುಲ್ಲಿಗೆ ಬಿಸಿಲು ಮತ್ತು ನೀರು ಬಸಿದುಹೋಗುವ ಮಣ್ಣು ಬೇಕಾದರೆ, ಜಪಾನ್ ಮೂಲದ ಹಕೊನೆಕ್ಲೋವ ಹುಲ್ಲಿಗೆ ಅರೆನೆರಳು ಹಾಗೂ ತೇವ ಹಿತವೆನಿಸುತ್ತದೆ. (ನೆರಳಿಗೆ ಒಗ್ಗುವ ಮಾಂಡೊ ಹುಲ್ಲು ಹೆಸರಿಗಷ್ಟೇ ಹುಲ್ಲು, ಅದು ಶತಾವರಿಯ ಕುಟುಂಬಕ್ಕೆ ಸೇರಿದ ಸಸ್ಯ.)

ಅನೇಕರು ಎಡವುವುದು ಅತಿಯಾದ ಆರೈಕೆಯಿಂದ. ಸಾರಜನಕದ ಗೊಬ್ಬರ ಹೆಚ್ಚಾದರೆ ಎಲೆಗಳು ಮೆತ್ತಗಾಗಿ ಮಗುಚಿ ಬೀಳುತ್ತವೆ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಫೆಸ್ಕ್ಯೂ ಗುಂಪಿನ ನಡುಭಾಗ ವರ್ಷಗಳು ಕಳೆದಂತೆ ಒಣಗುವುದರಿಂದ, 2–3 ವರ್ಷಗಳಿಗೊಮ್ಮೆ ಅದನ್ನು ಅಗೆದು ತೆಗೆದು, ಹೊರಸುತ್ತಿನ ಹಸಿರು ತೆಂಡೆಗಳನ್ನು ಬಿಡಿಸಿ ಮರುನಾಟಿ ಮಾಡಬೇಕು.

ಇನ್ನು, ಅಲಂಕಾರಕ್ಕೆಂದೇ ಬೆಳೆಸುವ ಫೌಂಟನ್ ಹುಲ್ಲಿನ ಕೆಲವು ಜಾತಿಗಳು ಬೀಜದಿಂದ ಬೇಲಿಯಾಚೆಗೂ ಹರಡಿ ಉಪದ್ರವವಾಗುತ್ತವೆ. ಆದ್ದರಿಂದ ತೋಟಗಾರಿಕೆಯ ಅಂಕಣದಲ್ಲಿ ಪ್ರತಿ ಹುಲ್ಲಿನ ಚಿತ್ರದೊಂದಿಗೆ ಅದರ ಪೂರ್ಣ ಬೆಳವಣಿಗೆಯ ಎತ್ತರವನ್ನೂ ಹರಡುವ ಸ್ವಭಾವವನ್ನೂ ತಪ್ಪದೆ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ಕೈತೋಟಪ್ರಿಯ ಓದುಗ