ಬ್ರೌನಿಂಗ್ ತಲೆಗೆ ಕಟ್ಟಿದ್ದು, ಹೇಳದೆ ಬಿಟ್ಟಿದ್ದು

ಪ್ರೀತಿಯ ರಘು,

ಎರಡನೇ ಮಹಾಯುದ್ಧದ ಸಿನಿಮಾ ಎ ಬ್ರಿಡ್ಜ್ ಟೂ ಫಾರ್ ನೋಡಿ ನೀನು ಕಳಿಸಿದ ಮೆಸೇಜ್ ಓದಿದೆ. ಆ ಬ್ರಿಟಿಷ್ ಜನರಲ್ ಬ್ರೌನಿಂಗ್ ಒಬ್ಬ ಸರಿಯಾಗಿದ್ದಿದ್ದರೆ ಅಷ್ಟು ಹುಡುಗರು ಸಾಯುತ್ತಿರಲಿಲ್ಲ ಅಂತ ಬರೆದಿದ್ದೀಯ. ಸಿನಿಮಾ ನೋಡಿದ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆದರೆ ನನಗೆ ಅದರ ಮೇಲೆ ಸಿಟ್ಟಿದೆ ಕಣೋ. ಎಲ್ಲರೂ ಸೇರಿ ಮಾಡಿದ ತಪ್ಪನ್ನು ಆತನೊಬ್ಬನ ತಲೆಗೆ ಕಟ್ಟಿದ್ದಾರೆ. ಆತನದ್ದೇ ಆದ ತಪ್ಪನ್ನು ಮಾತ್ರ ತೋರಿಸಿಲ್ಲ.

ಯೋಜನೆ ಯಾರದ್ದು ಅನ್ನುವುದನ್ನು ಮೊದಲು ನೋಡು. ಹಾಲೆಂಡಿನ ಸೇತುವೆಗಳನ್ನು ಆಕಾಶದಿಂದ ಇಳಿದು ಹಿಡಿಯಬೇಕು, ಹಿಂದಿನಿಂದ ಟ್ಯಾಂಕುಗಳು ಒಂದೇ ರಸ್ತೆಯಲ್ಲಿ ನುಗ್ಗಿ ಬರಬೇಕು ಅಂತ ಹೊರಟವನು ಬ್ರಿಟಿಷ್ ಸೇನಾಪತಿ ಮಾಂಟ್ಗೊಮರಿ. ಒಪ್ಪಿಗೆ ಕೊಟ್ಟವನು ಮಿತ್ರಪಡೆಗಳ ಮುಖ್ಯಸ್ಥ ಐಸೆನ್‌ಹೋವರ್. 1944ರ ಸೆಪ್ಟೆಂಬರ್ 17ಕ್ಕೆ ಶುರುವಾಯಿತು. ಕೊನೆಯ ಸೇತುವೆ ಇದ್ದ ಆರ್ನೆಮ್‌ನಲ್ಲಿ ಇಳಿದವರು ಸುಮಾರು 10,000 ಜನ, ಎಂಟೊಂಬತ್ತು ದಿನದ ನಂತರ ನದಿ ದಾಟಿ ವಾಪಸ್ ಬಂದವರು ಸುಮಾರು 2,400. ಇಷ್ಟಾದರೂ ಮಾಂಟ್ಗೊಮರಿ ಸಿನಿಮಾದಲ್ಲಿ ಒಂದು ಸಲವೂ ಮುಖ ತೋರಿಸುವುದಿಲ್ಲ! ಅವನ ಹೆಸರು ಮಾತಿನಲ್ಲಿ ಬಂದು ಹೋಗುತ್ತದೆ, ಅಷ್ಟೇ. ತೆರೆಯ ಮೇಲೆ ನಾವು ಬೈಯುವುದಕ್ಕೆ ಸಿಗುವ ಮುಖ ಬ್ರೌನಿಂಗ್‌ನದ್ದು.

ಫೋಟೋ ದೃಶ್ಯ ನಿನಗೂ ನೆನಪಿರಬೇಕು. ಗುಪ್ತಚರ ಅಧಿಕಾರಿ ಜರ್ಮನ್ ಟ್ಯಾಂಕುಗಳ ಫೋಟೋ ತರುತ್ತಾನೆ, ಬ್ರೌನಿಂಗ್ ತಳ್ಳಿಹಾಕುತ್ತಾನೆ, ಆಮೇಲೆ ಆ ಹುಡುಗನನ್ನು ಕಾಯಿಲೆ ರಜೆ ಮೇಲೆ ಕಳಿಸುತ್ತಾರೆ. ಇದು ಕಟ್ಟುಕತೆಯಲ್ಲ. ನಿಜವಾದ ಅಧಿಕಾರಿ ಬ್ರಿಯನ್ ಅರ್ಕಹಾರ್ಟ್, ಆತನೇ ಹೇಳಿದ್ದು. (ಮುಂದೆ ವಿಶ್ವಸಂಸ್ಥೆಯ ಶಾಂತಿಪಡೆಗಳನ್ನು ಕಟ್ಟಿದವರಲ್ಲಿ ಒಬ್ಬ. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ ಸೈಪ್ರಸ್‌ನಲ್ಲಿ ನಡೆಸಿದ್ದೂ ಅಂಥದ್ದೇ ಒಂದು ಪಡೆ.) ಆದರೆ ಬ್ರೌನಿಂಗ್ 1965ರಲ್ಲೇ ತೀರಿಕೊಂಡಿದ್ದ, ಸಿನಿಮಾ ಬಂದಿದ್ದು 1977ರಲ್ಲಿ. ಅವನ ಪರವಾದ ಮಾತು ಕೇಳುವವರು ಯಾರು? ಎಷ್ಟೋ ವರ್ಷದ ಮೇಲೆ ಡಚ್ ದಾಖಲೆಗಳಲ್ಲಿ ಅಂಥ ಒಂದು ಫೋಟೋ ಸಿಕ್ಕಿತು. ಬ್ರಿಟಿಷ್ ವಾಯುಪಡೆಯ ಇತಿಹಾಸಕಾರರು ಅದನ್ನು ನೋಡಿ, ಇವು ತರಬೇತಿ ಪಡೆಯೊಂದರ ಹಳೇ ಮಾದರಿ ಟ್ಯಾಂಕುಗಳು, ಆರ್ನೆಮ್ ಹತ್ತಿರ ಇದ್ದ ಹಿಟ್ಲರನ ಎಸ್‌ಎಸ್ ಪಡೆಯ ಡಿವಿಷನ್‌ಗಳದ್ದಲ್ಲ ಅಂದರು. ಆ ಡಿವಿಷನ್‌ಗಳ ಸುದ್ದಿ ಬೇರೆ ದಾರಿಯಿಂದಲೂ ಬಂದಿತ್ತು. ಐಸೆನ್‌ಹೋವರ್‌ನ ಮುಖ್ಯ ಸಹಾಯಕನೇ ಹೋಗಿ ಮಾಂಟ್ಗೊಮರಿಗೆ ಹೇಳಿದ್ದ, ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಇನ್ನೊಂದು ವಿಷಯ. ಅದೇ ತಿಂಗಳ ಮೊದಲ ವಾರದಲ್ಲಿ ಬೇರೊಂದು ಅವಸರದ ಕಾರ್ಯಾಚರಣೆಯನ್ನು ವಿರೋಧಿಸಿ ಬ್ರೌನಿಂಗ್ ರಾಜೀನಾಮೆ ಕೊಡಲು ಹೊರಟಿದ್ದ. ಮೇಲಧಿಕಾರಿ ಬ್ರೆರೆಟನ್, ಹೋಗು, ನಿನ್ನ ಜಾಗಕ್ಕೆ ಬೇರೆಯವನಿದ್ದಾನೆ ಅನ್ನುವ ಹಾಗೆ ನಡೆದುಕೊಂಡ. ಇವನು ರಾಜೀನಾಮೆ ವಾಪಸ್ ತಗೊಂಡ. ಎರಡು ವಾರದೊಳಗೆ ಮತ್ತೆ ಬೇಡ ಅನ್ನುವುದು ಎಷ್ಟು ಕಷ್ಟ, ಯೋಚಿಸು. ಈ ಸಂಕಟ ಸಿನಿಮಾದಲ್ಲಿ ಎಲ್ಲಿದೆ? ಬ್ರೌನಿಂಗ್ ಪಾತ್ರದ ಡರ್ಕ್ ಬೊಗಾರ್ಡ್ ತಣ್ಣಗೆ ನಗುತ್ತಾ ಸೂಟುಬೂಟಿನ ದೊಡ್ಡಮನುಷ್ಯನನ್ನು ತೋರಿಸುತ್ತಾನೆ. ನಟನೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಬ್ರೌನಿಂಗ್‌ನ ಹೆಂಡತಿ, ಕಾದಂಬರಿಕಾರ್ತಿ ಡಾಫ್ನಿ ದು ಮೋರಿಯೇಗೆ ಅದು ತುಂಬಾ ನೋವು ಕೊಟ್ಟಿತು.

ಹಾಗಂತ ನಾನು ಅವನನ್ನು ಒಳ್ಳೆಯವನು ಅನ್ನುತ್ತಿಲ್ಲ. ಮೊದಲ ದಿನವೇ, ಒಂದೊಂದು ವಿಮಾನಕ್ಕೂ ಪರದಾಡುತ್ತಿದ್ದಾಗ, ತನ್ನ ಹೆಡ್‌ಕ್ವಾರ್ಟರ್ಸ್ ಸಾಗಿಸುವುದಕ್ಕೆ 38 ಗ್ಲೈಡರ್ (ವಿಮಾನ ಎಳೆದೊಯ್ಯುವ, ಎಂಜಿನ್ ಇಲ್ಲದ ವಿಮಾನ) ಬಳಸಿಕೊಂಡ. ಅಲ್ಲಿ ಕೂತು ಅವನು ಮಾಡಿದ್ದು ಅಷ್ಟರಲ್ಲೇ ಇತ್ತು. ಅದಕ್ಕಿಂತ ದೊಡ್ಡ ತಪ್ಪು ಅವನು ಸೊಸಬೋವ್‌ಸ್ಕಿಗೆ ಮಾಡಿದ್ದು. ಪೋಲೆಂಡಿನ ಪ್ಯಾರಾಚೂಟ್ ಬ್ರಿಗೇಡಿನ ಜನರಲ್, ಸಿನಿಮಾದಲ್ಲಿ ಜೀನ್ ಹ್ಯಾಕ್‌ಮನ್ ಮಾಡಿದ ಪಾತ್ರ. ಈ ಯೋಜನೆ ಅಪಾಯ ಅಂತ ಮೊದಲಿಂದ ಹೇಳುತ್ತಿದ್ದವನು. ಹವಾಮಾನ ಕೆಟ್ಟು ಅವನ ಜನ ತಡವಾಗಿ, ಸೆಪ್ಟೆಂಬರ್ 21ಕ್ಕೆ, ನದಿಯ ಈಚೆ ದಡದ ಡ್ರೀಲ್ ಹತ್ತಿರ ಇಳಿದರು. ನದಿ ದಾಟಲು ಸರಿಯಾದ ದೋಣಿಗಳಿಲ್ಲ, ಎದುರಿನ ದಡದಿಂದ ಗುಂಡಿನ ಮಳೆ. ಅಷ್ಟು ಕಷ್ಟಪಟ್ಟವನ ವಿರುದ್ಧ ಬ್ರೌನಿಂಗ್ ನವೆಂಬರ್‌ನಲ್ಲಿ ಪತ್ರ ಬರೆದ. ಇವನ ಜೊತೆ ಕೆಲಸ ಮಾಡುವುದು ಕಷ್ಟ, ತೆಗೆಯಿರಿ ಅಂತ. ಮಾಂಟ್ಗೊಮರಿಯೂ ಅದಕ್ಕೂ ಮೊದಲೇ ಪೋಲಿಷ್ ಸೈನಿಕರು ಸರಿಯಾಗಿ ಕಾದಾಡಲಿಲ್ಲ ಅಂತ ದೂರಿದ್ದ. ಡಿಸೆಂಬರ್‌ನಲ್ಲಿ ಸೊಸಬೋವ್‌ಸ್ಕಿಯ ಹುದ್ದೆ ಹೋಯಿತು. ಅದೇ ಹೊತ್ತಿಗೆ ಬ್ರೌನಿಂಗ್ ಮೌಂಟ್‌ಬ್ಯಾಟನ್‌ನ ಚೀಫ್ ಆಫ್ ಸ್ಟಾಫ್ ಆಗಿ ಸಿಲೋನಿನ ಕ್ಯಾಂಡಿಗೆ ಬಂದ. ಸೊಸಬೋವ್‌ಸ್ಕಿ ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ಕಾರ್ಖಾನೆ ಕೆಲಸಕ್ಕೆ ಸೇರಿದ, 1967ರಲ್ಲಿ ತೀರಿಕೊಂಡ. ಡಚ್ಚರು ಅವನಿಗೆ ಪದಕ ಕೊಟ್ಟಿದ್ದು 2006ರಲ್ಲಿ!

ಮೂರು ಗಂಟೆ ಸಿನಿಮಾದಲ್ಲಿ ಬ್ರೌನಿಂಗ್ ಬರೆದ ಆ ಪತ್ರಕ್ಕೆ ಒಂದು ನಿಮಿಷ ಇರಲಿಲ್ವಾ? ಅಟೆನ್‌ಬರೋ ಸಾಮಾನ್ಯ ನಿರ್ದೇಶಕ ಅಲ್ಲ, ಮುಂದೆ ಗಾಂಧಿ ಸಿನಿಮಾ ಮಾಡಿದವನು. ಹ್ಯಾಕ್‌ಮನ್‌ನ ಸಪ್ಪೆ ಮುಖ ತೋರಿಸಿ ಬಿಟ್ಟ. ಫೋಟೋ ಕಥೆ ತೆಗೆದು ಆ ಪತ್ರ ಹಾಕಿದ್ದರೆ ಬ್ರೌನಿಂಗ್ ಮೇಲೆ ಬರುವ ಕೋಪಕ್ಕೆ ಒಂದು ಅರ್ಥ ಇರುತ್ತಿತ್ತು.

ಇನ್ನೊಂದು ಸಲ ನೋಡುವುದಾದರೆ ಸೊಸಬೋವ್‌ಸ್ಕಿಯ ದೃಶ್ಯಗಳನ್ನು ಗಮನಿಸಿ ನೋಡು. ಆಮೇಲೆ ಬರೆ, ಜಗಳ ಮಾಡಬೇಕು ಅನ್ನಿಸಿದರೂ ಸರಿ.

ನಿನ್ನ,
ಶಶಿ