ಕಾಠ್ಮಂಡುವಿನ ದಿದಿಯರಿಗೆ, ಕಲಬುರಗಿಯಿಂದ

ಕಾಠ್ಮಂಡುವಿನ ಮಕ್ಕಳ ಮನೆಯಲ್ಲಿ ನಮ್ಮ ಕಲಬುರಗಿ ತಂಡದ ಆರು ತಿಂಗಳ ಸೇವೆ ಮುಗಿಯಿತು. ಸೆರೆಬ್ರಲ್ ಪಾಲ್ಸಿ (ಎಳವೆಯಲ್ಲೇ ಮೆದುಳಿಗೆ ಆದ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ) ಇರುವ, ನಡೆಯಲು ಮಾತಾಡಲು ಬಾರದ ಮಕ್ಕಳು ಉಳಿದು ಬೆಳೆಯುವ ಮನೆ ಅದು. ಊರಲ್ಲಿ ಸಿಕ್ಕವರೆಲ್ಲ ‘ಭಾಳ ದೊಡ್ಡ ಕೆಲಸಾ ಮಾಡಿ ಬಂದ್ರಿ’ ಅನ್ನುತ್ತಿದ್ದಾರೆ. ಆ ಮಾತು ಸಲ್ಲಬೇಕಾದ್ದು ಅಲ್ಲಿನ ದಿದಿಯರಿಗೆ. ನೇಪಾಳಿಯಲ್ಲಿ ದಿದಿ ಅಂದರೆ ಅಕ್ಕ. ಸ್ವಯಂಸೇವಕರು ಬರುತ್ತಾರೆ, ಹೋಗುತ್ತಾರೆ. ಮಗು ಕಣ್ಣು ಬಿಟ್ಟಾಗ ದಿನವೂ ಕಾಣುವುದು ದಿದಿಯ ಮುಖ. ಅವರಿಗೆ ನಾವು ಯಾವ ಯಾವುದಕ್ಕೆ ಋಣಿ ಅನ್ನುವುದನ್ನು ಅಳತೆ ಸಮೇತ ಬರೆಯುತ್ತಿದ್ದೇವೆ. ನಮ್ಮ ಜಿಲ್ಲೆಯಲ್ಲಿ ಇಂಥ ಮಕ್ಕಳನ್ನು ಸಾಕುತ್ತಿರುವ ತಾಯಂದಿರಿಗೂ ಇದು ಕೆಲಸಕ್ಕೆ ಬರಲಿ.

ಅಡುಗೆಮನೆಯ ದಿದಿಗೆ ಮೊದಲ ನಮಸ್ಕಾರ. ನೇಪಾಳದಲ್ಲಿ ಮಕ್ಕಳಿಗೆಂದು ಮಾಡುವ ಸರ್ವೋತ್ತಮ ಪಿಠೋ ಎಂಬ ಹಿಟ್ಟಿನ ಲೆಕ್ಕ ಸರಳ: ಎರಡು ಪಾಲು ಸೋಯಾ, ಒಂದು ಪಾಲು ಮೆಕ್ಕೆಜೋಳ, ಒಂದು ಪಾಲು ಗೋಧಿ. ಮೂರನ್ನೂ ಬೇರೆ ಬೇರೆಯಾಗಿ ಹುರಿಯಬೇಕು. ಒಟ್ಟಿಗೆ ಹಾಕಿದರೆ ಗೋಧಿ ಕರಿದಾಗುವ ಹೊತ್ತಿಗೂ ಸೋಯಾ ಒಳಗೆ ಹಸಿಯಾಗೇ ಇರುತ್ತದೆ, ಹಸಿ ಸೋಯಾ ಹೊಟ್ಟೆ ಕೆಡಿಸುತ್ತದೆ. ಆ ಹಿಟ್ಟನ್ನು ನೀರಲ್ಲಿ ಕುದಿಸಿದರೆ ಲಿಟೋ, ನಮ್ಮ ಗಂಜಿಯ ಹಾಗೆ. ನುಂಗಲು ಕಷ್ಟಪಡುವ ಮಗುವಿಗೆ ಅದರ ಹದವೇ ಮುಖ್ಯ. ಚಮಚ ಓರೆ ಮಾಡಿದರೆ ಒಂದೇ ಮುದ್ದೆಯಾಗಿ ಜಾರಿ ಬೀಳಬೇಕು, ಅಂಟಿಕೊಳ್ಳಬಾರದು. ಫೋರ್ಕಿನ ಮೇಲೆ ಹಾಕಿದರೆ ಸಂದಿಯಿಂದ ಸೋರಬಾರದು. ಲಿಟೋ ಆರಿದಂತೆ ಗಟ್ಟಿಯಾಗುವುದರಿಂದ ಈ ಪರೀಕ್ಷೆ ಒಲೆಯ ಹತ್ತಿರ ಒಮ್ಮೆ, ತಟ್ಟೆ ಮುಂದಿಟ್ಟ ಮೇಲೆ ಇನ್ನೊಮ್ಮೆ.

ನಮ್ಮ ಕಡೆಯ ಅಡುಗೆಗೆ ಇದನ್ನು ಹೊಂದಿಸುವಾಗ ಎಚ್ಚರ ಬೇಕು. ಅನ್ನ ತೆಳ್ಳನೆ ಸಾರು ಕಲಸಿ ಕೊಡುವುದೇ ಎಲ್ಲಕ್ಕಿಂತ ಅಪಾಯ. ಅಗಳು ಬಾಯಲ್ಲೇ ಉಳಿದು ಸಾರು ಮುಂದೆ ಓಡಿ ಶ್ವಾಸನಾಳಕ್ಕೆ ಇಳಿಯುತ್ತದೆ. ಒಗ್ಗರಣೆಯ ಸಾಸಿವೆ, ಕರಿಬೇವು, ಬೇಳೆಯ ಸಿಪ್ಪೆ ಇವೂ ಗಂಟಲಿಗೆ ತಗಲುತ್ತವೆ. ಜೋಳದ ನುಚ್ಚನ್ನು ತೊಗರಿಬೇಳೆ ಜೊತೆ ಚೆನ್ನಾಗಿ ಬೇಯಿಸಿ, ಅರೆದು, ಜರಡಿಯಲ್ಲಿ ಇಳಿಸಿ, ಮೇಲೆ ಒಂದು ಚಮಚ ತುಪ್ಪ ಹಾಕಿದರೆ ಅದೇ ಹದ ಬರುತ್ತದೆ. ಚುರುಮುರಿ, ಶೇಂಗಾ ಮಾತ್ರ ಈ ಮಕ್ಕಳ ಕೈಗೆ ಎಟುಕಲೇಬಾರದು.

ಉಣ್ಣಿಸುವ ಕೈಗೆ ಬೇಕಾದ ತಾಳ್ಮೆಯನ್ನು ದಿದಿಯರಲ್ಲೇ ನೋಡಬೇಕು. ಒಂದು ಮಗುವಿಗೆ ಅರ್ಧ ಗಂಟೆಯಿಂದ ನಲವತ್ತು ನಿಮಿಷ. ಮಗು ನೆಟ್ಟಗೆ ಕೂತಿರಬೇಕು, ಗದ್ದ ತುಸು ಎದೆಯ ಕಡೆ ಬಾಗಿರಬೇಕು. ಉಣ್ಣಿಸುವವರು ನಿಂತರೆ ಮಗು ತಲೆ ಎತ್ತಿ ನೋಡುತ್ತದೆ. ತಲೆ ಹಿಂದೆ ವಾಲಿದರೆ ತುತ್ತು ದಾರಿ ತಪ್ಪುತ್ತದೆ. ಅದಕ್ಕೇ ಅವರು ಮಗುವಿನ ಕಣ್ಣಿನ ಮಟ್ಟಕ್ಕೆ ಗಿಡ್ಡ ಮಣೆ ಹಾಕಿಕೊಂಡು ಕೂಡುತ್ತಾರೆ. ಅರ್ಧ ಚಮಚ ತುತ್ತು, ನಾಲಿಗೆಯ ಮೇಲೆ ಹಗುರಾಗಿ ಒತ್ತಿ ನೇರ ಹೊರಗೆ. ಮೇಲಿನ ಹಲ್ಲಿಗೆ ತುತ್ತು ಸವರಿ ಚಮಚ ಎಳೆಯಬಾರದು. ಮಗು ಚಮಚ ಕಚ್ಚಿ ಹಿಡಿದರೆ ಜಗ್ಗಬಾರದು. ಜಗ್ಗಿದಷ್ಟೂ ದವಡೆ ಬಿಗಿಯುತ್ತದೆ, ಸುಮ್ಮನೆ ಕಾದರೆ ತಾನೇ ಸಡಿಲುತ್ತದೆ. ‘ಬಿಸ್ತಾರೈ, ಬಿಸ್ತಾರೈ’, ಅಂದರೆ ನಿಧಾನ, ನಿಧಾನ. ಊಟವಾದ ಮೇಲೂ ಅರ್ಧ ಗಂಟೆ ಮಲಗಿಸುವಂತಿಲ್ಲ.

ಕೆಮ್ಮು ಬಂದರೆ ಮಾತ್ರ ತುತ್ತು ಶ್ವಾಸಕೋಶಕ್ಕೆ ಹೋಗಿದೆ ಅಂದುಕೊಳ್ಳುವವರು ಬಹಳ. ಕೆಲವು ಮಕ್ಕಳಿಗೆ ಕೆಮ್ಮೇ ಬರುವುದಿಲ್ಲ. ಉಂಡ ಮೇಲೆ ದನಿ ಗೊರಗೊರ ಅನ್ನುವುದು, ಕಣ್ಣಲ್ಲಿ ನೀರು, ಮೇಲಿಂದ ಮೇಲೆ ಜ್ವರ ಮತ್ತು ಕಫ ಇವೇ ಗುರುತು. ಇವನ್ನು ಕಂಡರೆ ಹದ ಬದಲಿಸಿ ನೋಡುತ್ತ ಕೂಡದೆ ಡಾಕ್ಟರಿಗೆ ತೋರಿಸಬೇಕು.

ಬಡಗಿ ದಾಯಿಗೆ (ಅಣ್ಣನಿಗೆ ಅಲ್ಲಿ ದಾಯಿ ಅನ್ನುತ್ತಾರೆ) ನಮ್ಮ ಋಣ ದೊಡ್ಡದು. ದಾನವಾಗಿ ಬರುವ ವೀಲ್‌ಚೇರ್‌ಗಳು ಸಾಮಾನ್ಯವಾಗಿ ದೊಡ್ಡವರ ಅಳತೆಯವು. ಅದರಲ್ಲಿ ಸಣ್ಣ ಮಗುವನ್ನು ಕೂರಿಸಿದರೆ ಸೊಂಟ ಮುಂದಕ್ಕೆ ಜಾರಿ, ಬೆನ್ನು ಬಿಲ್ಲಾಗಿ, ಭಾರವೆಲ್ಲ ಬಾಲದ ಎಲುಬಿನ ಮೇಲೆ ಬೀಳುತ್ತದೆ. ವರ್ಷಗಳು ಹೋದಂತೆ ಬೆನ್ನು ಹಾಗೇ ಸೆಟೆದುಕೊಳ್ಳುತ್ತದೆ. ಆ ದಾಯಿ ಪ್ಲೈವುಡ್ ಮತ್ತು ಗಟ್ಟಿ ಫೋಮಿನಿಂದ ಒಳಗೊಂದು ಆಸನ ಕೂರಿಸುತ್ತಾರೆ. ಕುಂಡಿಯ ಹಿಂಬದಿಯಿಂದ ಮೊಣಕಾಲಿನ ಹಿಂದಿನ ಮಡಿಕೆವರೆಗೆ ಅಳೆದು ಎರಡು ಬೆರಳು ಕಡಿಮೆ ಮಾಡಿದರೆ ಆಸನದ ಆಳ. ಸೊಂಟ, ಮೊಣಕಾಲು, ಪಾದದ ಕೀಲು ಮೂರೂ ಸುಮಾರು 90 ಡಿಗ್ರಿಗೆ ಬರಬೇಕು. ಬೆಲ್ಟು ಹೊಟ್ಟೆಯ ಮೇಲಲ್ಲ, ತೊಡೆ ಸೇರುವ ಮಡಿಕೆಯ ಮೇಲೆ, ಆಸನಕ್ಕೆ 45 ಡಿಗ್ರಿ ಓರೆಯಾಗಿ. ಪಾದದ ಹಲಗೆಯನ್ನು ಮರೆಯುವವರೇ ಹೆಚ್ಚು; ಕಾಲು ತೂಗಾಡಿದರೆ ಮಗು ಎಷ್ಟು ಬಿಗಿದರೂ ಜಾರುತ್ತದೆ. ಮಕ್ಕಳು ಬೆಳೆಯುತ್ತಾರೆ, ಹಾಗಾಗಿ ಮೂರು ತಿಂಗಳಿಗೊಮ್ಮೆ ಮತ್ತೆ ಟೇಪು ಹಿಡಿಯಬೇಕು.

ಚಳಿಗೆ ಮೈಯ ಬಿಗಿತ ಹೆಚ್ಚುತ್ತದೆ. ಮಾಘದ ಬೆಳಗಿನಲ್ಲಿ ಬಿಸಿಲು ಕೋಣೆಗೆ ಬರುವ ತನಕ ದಿದಿಯರು ಸ್ನಾನಕ್ಕೆ ಕೈ ಹಾಕುವುದಿಲ್ಲ. ಅಂಗಿ ತೊಡಿಸುವಾಗ ಬಿಗಿ ಇರುವ ಕೈ ಮೊದಲು, ಬಿಚ್ಚುವಾಗ ಅದೇ ಕೈ ಕೊನೆಗೆ. ಕಾಲು ಕತ್ತರಿಯಂತೆ ಸೇರಿಕೊಂಡಿದ್ದರೆ ಪಾದ ಹಿಡಿದು ಅಗಲಿಸಬಾರದು. ಮೊದಲು ಸೊಂಟ, ಮೊಣಕಾಲು ಮಡಚಿದರೆ ತೊಡೆ ತಾನಾಗಿ ಬಿಚ್ಚುತ್ತದೆ. ಇಂಥ ಮಗುವನ್ನು ಎರಡೂ ಕೈಯಲ್ಲಿ ಉದ್ದಕ್ಕೆ ಎತ್ತದೆ ಟೊಂಕದ ಮೇಲೆ ಕಾಲು ಅಗಲಿಸಿ ಕೂರಿಸಿಕೊಳ್ಳಬೇಕು. ಇದನ್ನು ಹೊರಡುವ ಮುಂಚೆಯೇ ಹೇಳಿ ಕಳಿಸಿದ್ದು ನಮ್ಮೂರಿನ ತಾಯಂದಿರು. ಅವ್ವಂದಿರೇ, ನಿಮಗೂ ಕೈ ಮುಗಿಯುತ್ತೇವೆ.

ನಮ್ಮಲ್ಲಿ ಕಷ್ಟ ತಿರುಗಾಮುರುಗಾ. ಮೇ ತಿಂಗಳಲ್ಲಿ 42, 43 ಡಿಗ್ರಿ ಬಿಸಿಲು, ಬಾಯಾರಿಕೆ ಹೇಳಲಾರದ ಮಗು. ಮೂತ್ರದ ಬಣ್ಣ ನೋಡುತ್ತಿರಬೇಕು. ಫಿಟ್ಸ್‌ಗೆ ಕೊಡುವ ಟೋಪಿರಾಮೇಟ್ ಎಂಬ ಔಷಧಿ ಕೆಲವು ಮಕ್ಕಳಲ್ಲಿ ಬೆವರು ತಗ್ಗಿಸುತ್ತದೆ. ಅಂಥ ಮಗು ಒಣಗಿದ ಮೈಯಲ್ಲೇ ಕಾದುಹೋಗುತ್ತದೆ. ಹಾಗೆಂದು ಔಷಧಿ ನಾವೇ ನಿಲ್ಲಿಸಿದರೆ ಫಿಟ್ಸ್ ಇನ್ನೂ ಜೋರಾಗಿ ಬರುತ್ತವೆ. ಬೇಸಿಗೆಗೆ ಮುಂಚೆಯೇ ಡಾಕ್ಟರನ್ನು ಕೇಳಿಡಿ.

ರಾತ್ರಿಪಾಳಿಯ ದಿದಿಯ ಬಗ್ಗೆ ಯಾರೂ ಬರೆಯುವುದಿಲ್ಲ. ಎರಡು ಗಂಟೆಗೊಮ್ಮೆ ಎಡ, ಬೆನ್ನು, ಬಲ ಅಂತ ಮಗ್ಗುಲು ಬದಲಿಸಿ, ಮೊಣಕಾಲ ನಡುವೆ ದಿಂಬಿಟ್ಟು, ವಹಿಯಲ್ಲಿ ಬರೆಯುವವರು ಅವರು. ಟಾರ್ಚ್ ಹಿಡಿದು ಸೊಂಟ, ಹಿಮ್ಮಡಿ ನೋಡುತ್ತಾರೆ. ಕೆಂಪಾದ ಜಾಗ ಒತ್ತಿ ಬಿಟ್ಟಾಗ ಬೆಳ್ಳಗಾಗದಿದ್ದರೆ ಹುಣ್ಣು ಒಳಗೆ ಶುರುವಾಗಿದೆ ಎಂದೇ ಲೆಕ್ಕ. ಆ ಮಗ್ಗುಲಿಗೆ ಮಲಗಿಸುವಂತಿಲ್ಲ, ತಿಕ್ಕುವಂತೂ ಇಲ್ಲ. ಫಿಟ್ಸ್ ಬಂದರೆ ಅವರ ಕಣ್ಣು ಮೊದಲು ಗಡಿಯಾರಕ್ಕೆ ಹೋಗುತ್ತದೆ. ಮಗುವನ್ನು ಪಕ್ಕಕ್ಕೆ ಹೊರಳಿಸಬೇಕು, ಬಾಯಿಗೆ ಏನೂ ತುರುಕಬಾರದು, ಕೈಕಾಲು ಒತ್ತಿ ಹಿಡಿಯಬಾರದು. ಐದು ನಿಮಿಷ ದಾಟಿದರೆ ಡಾಕ್ಟರು ಬರೆದುಕೊಟ್ಟ ಮೂಗಿನ ಸ್ಪ್ರೇ, ಜೊತೆಗೇ ಆಂಬುಲೆನ್ಸಿಗೆ ಫೋನು. ಅಲ್ಲಿ 102, ನಮ್ಮಲ್ಲಿ 108. ನಮ್ಮ ಕಡೆ ಇನ್ನೂ ಕೈಗೆ ಬೀಗದ ಕೈ ಕೊಡುತ್ತಾರೆ, ಈರುಳ್ಳಿ ಮೂಸಿಸುತ್ತಾರೆ. ಆ ನಿಮಿಷಗಳು ಮಗುವಿನ ಮೆದುಳಿಗೆ ಭಾರವಾಗುತ್ತವೆ.

ಮುಂದೆ ಹೋಗುವವರು ಲೆಕ್ಕ ತಪ್ಪುವ ಮೂರು ಜಾಗ ಹೇಳಿಬಿಡುತ್ತೇವೆ. ನೇಪಾಳದ ಗಡಿಯಾರ ನಮಗಿಂತ 15 ನಿಮಿಷ ಮುಂದೆ. ಭಾರತದ ಸಮಯಕ್ಕೇ ಬಿಟ್ಟ ಮೊಬೈಲಿನಲ್ಲಿ ಔಷಧಿಯ ಅಲಾರಂ ಇಟ್ಟರೆ ಪ್ರತಿ ಡೋಸೂ ತಡವಾಗುತ್ತದೆ. ಕಾಗದಪತ್ರವೆಲ್ಲ ವಿಕ್ರಮ ಸಂವತ್ ಎಂಬ ನೇಪಾಳದ ಪಂಚಾಂಗದಲ್ಲಿ ಇರುತ್ತದೆ, ನಮ್ಮ ಇಸವಿಗಿಂತ ಸುಮಾರು 57 ವರ್ಷ ಮುಂದೆ. ಹುಟ್ಟಿದ ದಿನ ತಿರುಗಿಸುವಾಗ ಒಂದು ವರ್ಷ ಆಚೀಚೆ ಆಗುವುದು ಸಾಮಾನ್ಯ, ಆದ್ದರಿಂದ ಡೋಸು ವಯಸ್ಸಿನ ಮೇಲಲ್ಲ, ತೂಕದ ಮೇಲೆ ನಿಲ್ಲಬೇಕು. ನಿಲ್ಲಲಾರದ ಮಗುವನ್ನು ಎತ್ತಿಕೊಂಡು ದಿದಿ ತೂಕ ನೋಡುತ್ತಾರೆ, ಆಮೇಲೆ ತಮ್ಮದನ್ನು ಕಳೆಯುತ್ತಾರೆ. ಮೂರನೆಯದು ಅಂಗವಿಕಲರ ಗುರುತಿನ ಚೀಟಿ. ನಮ್ಮ ಯುಡಿಐಡಿಯಲ್ಲಿ ನೀಲಿ ಅಂದರೆ ಶೇ. 80 ಮತ್ತು ಮೇಲೆ, ಎಲ್ಲಕ್ಕಿಂತ ತೀವ್ರ. ನೇಪಾಳದಲ್ಲಿ ಅತಿ ತೀವ್ರಕ್ಕೆ ಕೆಂಪು ಚೀಟಿ, ನೀಲಿ ಅದರ ನಂತರದ್ದು.

ಎರಡು ವಾರಕ್ಕೆಂದು ಹೋಗಿ ಮಕ್ಕಳನ್ನು ಎತ್ತಿ ಮುದ್ದಿಸಿ ಫೋಟೊ ತೆಗೆದು ಬರುವ ಪ್ರವಾಸ ಬೇಡ ಎಂಬುದು ನಮ್ಮ ಗಟ್ಟಿ ಮಾತು. ಅಂಟಿಕೊಂಡ ಮಗು ಮತ್ತೆ ಮತ್ತೆ ಕಳಕೊಳ್ಳುತ್ತದೆ. ಪೊಲೀಸ್ ಪ್ರಮಾಣಪತ್ರ ಕೇಳದೆ ನಿಮ್ಮನ್ನು ಮಕ್ಕಳ ಕೋಣೆಗೆ ಬಿಡುವ ಮನೆಯಾದರೆ ಅಲ್ಲಿಗೆ ಹೋಗಲೇಬೇಡಿ.

ಹಳೆ ಧೋತರ ಕೊಟ್ಟ ಮನೆಗಳವರೇ, ಅವುಗಳಿಂದ ಹೊಲಿದ ಎದೆಬಟ್ಟೆಗಳನ್ನು ದಿದಿಯರು ಬಹಳ ಮೆಚ್ಚಿಕೊಂಡರು. ಒಗೆದಷ್ಟೂ ಮೆತ್ತಗಾಗಿ ಜೊಲ್ಲು ಹೀರುತ್ತವೆ, ಟೆರಿಕಾಟ್ ಹೀರುವುದಿಲ್ಲ. ಫೋಮಿಗೆ ಜಿಪ್ ಹಾಕಿದ ಕವರು ಹೊಲಿದು ಕೂಲಿ ಬೇಡವೆಂದ ಟೇಲರ್ ಕಾಕಾ, ನಿಮ್ಮ ಕವರುಗಳು ವಾರಕ್ಕೆರಡು ಸಲ ಒಗೆತ ಕಂಡೂ ಹರಿದಿಲ್ಲ.

ದಿದಿಯರೇ, ಆಸನಗಳ ಮುಂದಿನ ಅಳತೆ ಇನ್ನು ಮೂರು ತಿಂಗಳಿಗೆ. ಅಂದು ಪ್ರತಿ ಮಗುವಿನ ಆಸನದ ಆಳ, ಅಗಲ, ಪಾದದ ಹಲಗೆಯ ಎತ್ತರ ಮತ್ತು ತೂಕ ಬರೆದಿಡಿ. ಶನಿವಾರ ನಿಮ್ಮ ರಜೆಯ ದಿನ, ಭಾನುವಾರ ಫೋನ್ ಮಾಡುತ್ತೇವೆ: ನಮ್ಮ ಗಡಿಯಾರದಲ್ಲಿ ಒಂಬತ್ತಕ್ಕೆ, ನಿಮ್ಮದರಲ್ಲಿ ಒಂಬತ್ತೂ ಕಾಲಿಗೆ. ಕವರುಗಳು ಇಲ್ಲಿಂದಲೇ ಹೊಲಿದು ಬರುತ್ತವೆ.