ಮಗಳಿಗೊಂದು ಪತ್ರ: ರಾಣಿಗೆ ಹೋದ ಸದನದ ಸುದ್ದಿ

ಪುಟ್ಟಿ,

ಬ್ರಿಟನ್ನಿನ ದೊರೆಗೆ ಹೋಗುತ್ತಿದ್ದ ವರದಿ ಪತ್ರಗಳ ಬಗ್ಗೆ ನೀನು ಬರೆದ ಟಿಪ್ಪಣಿ ಓದಿದೆ. ಎರಡು ಬಗೆಯ ಪತ್ರಗಳನ್ನು ಕಲಸಿಬಿಟ್ಟಿದ್ದೀಯ. ಅಲ್ಲಿನ ಸಂಸತ್ತಿನ ಕೆಳಮನೆಯಾದ ಕಾಮನ್ಸ್‌ನಲ್ಲಿ ಕಲಾಪ ನಡೆದ ದಿನ ದೊರೆಗೆ ಹೋಗುತ್ತಿದ್ದದ್ದು ಸದನದ ಪತ್ರ; ಬರೆಯುವ ಹೊಣೆ ಕಾಮನ್ಸ್‌ನ ಸಭಾನಾಯಕರದು. ಸಂಪುಟ ಸಭೆಯ ಮೇಲೆ ಹೋಗುತ್ತಿದ್ದದ್ದು ಪ್ರಧಾನಿಯ ಪತ್ರ. ಪ್ರಧಾನಿಯೇ ಸಭಾನಾಯಕರಾದಾಗ ಎರಡರಲ್ಲೂ ಒಂದೇ ಕೈಬರಹ, ತಪ್ಪು ಆಗುವುದು ಅಲ್ಲೇ. 1852ರಲ್ಲಿ ಪ್ರಧಾನಿ ಡರ್ಬಿ ಮೇಲ್ಮನೆಯಾದ ಲಾರ್ಡ್ಸ್‌ನಲ್ಲಿದ್ದರು. ಹಾಗಾಗಿ ವಿಕ್ಟೋರಿಯಾಗೆ ಕಾಮನ್ಸ್ ಸುದ್ದಿ ಬರೆದದ್ದು ಸಭಾನಾಯಕರೂ ಆಗಿದ್ದ ಹಣಕಾಸು ಮಂತ್ರಿ ಡಿಸ್ರೇಲಿ. ಅವರ ವರದಿಗಳೂ ಅವರ ಕಾದಂಬರಿಗಳ ಧಾಟಿಯಲ್ಲೇ ಇವೆ ಎಂದು ರಾಣಿ ಬರೆದಿದ್ದಾರೆ. ಆ ಮಾತನ್ನು ಎಚ್ಚರಿಕೆ ಎಂದೇ ತಿಳಿ.

ಪತ್ರದಲ್ಲಿ ‘ನಾನು’ ಇರುವುದಿಲ್ಲ. ‘ಶ್ರೀ ಡಿಸ್ರೇಲಿಯವರು ಮಹಾರಾಣಿಯವರಿಗೆ ನಮ್ರವಾಗಿ ಅರಿಕೆ ಮಾಡುವುದೇನೆಂದರೆ’ ಎಂಬ ಧಾಟಿ. ಇದನ್ನು ನೋಡಿ ಕಾರ್ಯದರ್ಶಿ ಬರೆದದ್ದು ಅಂದುಕೊಳ್ಳಬೇಡ.

ಪತ್ರದ ತಾರೀಖನ್ನೂ ಹಾಗೇ ನಂಬಬೇಡ, ಕಲಾಪ ನಡುರಾತ್ರಿ ದಾಟುವುದುಂಟು. ಡಿಸ್ರೇಲಿಯ ಬಜೆಟ್ ಚರ್ಚೆಯ ಕೊನೆಯ ದಿನ 1852ರ ಡಿಸೆಂಬರ್ 16. ಬಜೆಟ್ 305–286 ಮತಗಳಲ್ಲಿ ಬಿದ್ದದ್ದು 17ರ ನಸುಕಿನಲ್ಲಿ. ಮತದ ಲೆಕ್ಕವನ್ನು ಪತ್ರದಿಂದ ಎತ್ತದೆ ಡಿವಿಷನ್ ಪಟ್ಟಿಯಲ್ಲೇ (ಯಾರು ಯಾವ ಕಡೆ ಮತ ಹಾಕಿದರೆಂಬ ಪಟ್ಟಿ) ನೋಡು. ಭಾಷಣದ ಮಾತಿಗೆ ಸಂಸತ್ತಿನ ಚರ್ಚೆಗಳ ವರದಿಯಾದ ಹ್ಯಾನ್ಸಾರ್ಡ್ ಇದೆಯಲ್ಲ ಅನ್ನಬೇಡ, 1909ಕ್ಕಿಂತ ಮುಂಚಿನದು ಮಾತಿಗೆ ಮಾತು ಬರೆದ ದಾಖಲೆಯಲ್ಲ.

ಸಂಪುಟದ ಪತ್ರದ ತೊಡಕೇ ಬೇರೆ. 1916ರ ಡಿಸೆಂಬರ್‌ನಲ್ಲಿ ಪ್ರಧಾನಿ ಲಾಯ್ಡ್ ಜಾರ್ಜ್ ಕಾಲದಲ್ಲಿ ಸಂಪುಟ ಕಾರ್ಯಾಲಯ ಬರುವ ತನಕ ನಡಾವಳಿ ಪುಸ್ತಕವೇ ಇರಲಿಲ್ಲ. ಪ್ರಧಾನಿ ದೊರೆಗೆ ಬರೆದದ್ದೇ ದಾಖಲೆ. ಮೂಲಗಳು ವಿಂಡ್ಸರ್ ಅರಮನೆಯಲ್ಲಿ, 1868ರಿಂದ 1916ರವರೆಗಿನ ಛಾಯಾಪ್ರತಿಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದ ‘ಕ್ಯಾಬ್ 41’ ಸರಣಿಯಲ್ಲಿ. ಬರೆದವರು ತಮಗೆ ಬೇಕಾದ್ದನ್ನಷ್ಟೇ ಹೇಳಿರಬಹುದು. ಪತ್ರದಲ್ಲಿ ಜಗಳ ಕಾಣದಿದ್ದರೆ ಸಂಪುಟದಲ್ಲಿ ಒಮ್ಮತವಿತ್ತು ಎಂದು ಬರೆಯಬೇಡ; ಮಂತ್ರಿಗಳ ದಿನಚರಿ, ಖಾಸಗಿ ಕಾಗದ ಪಕ್ಕದಲ್ಲಿಟ್ಟುಕೊ.

ಸದನದ ಪತ್ರ ಬೇರೆಯವರ ಪಾಲಿಗೂ ಬಂದದ್ದುಂಟು. ಆಸ್ಕ್ವಿತ್ ಪ್ರಧಾನಿಯಾಗಿದ್ದಾಗ ಗೃಹಮಂತ್ರಿ ಚರ್ಚಿಲ್ ಬರೆಯುತ್ತಿದ್ದರು. 1911ರಲ್ಲಿ, ಸೋಮಾರಿಗಳು ಸಮಾಜದ ಮೇಲ್ತುದಿಯಲ್ಲೂ ಇದ್ದಾರೆ ಎಂಬರ್ಥದ ಮಾತು ಸೇರಿಸಿ ದೊರೆ ಐದನೇ ಜಾರ್ಜ್‌ರ ಸಿಟ್ಟಿಗೆ ಗುರಿಯಾದರು. ಈಗ ಆ ಕೆಲಸ ವೈಸ್ ಚೇಂಬರ್ಲೇನ್ ಎಂಬ ಬಿರುದಿನ ಸರ್ಕಾರಿ ವಿಪ್‌ದು.

ಸದನದ ಪತ್ರವನ್ನು ನಮ್ಮ ದೇಶದ ಪದ್ಧತಿಗೆ ಹೋಲಿಸಿದ ನಿನ್ನ ಕೊನೆಯ ಪ್ಯಾರಾ ತೆಗೆದುಬಿಡು. ನಮ್ಮ ಸಂವಿಧಾನದ 78ನೇ ವಿಧಿಯಂತೆ ಪ್ರಧಾನಿ ರಾಷ್ಟ್ರಪತಿಗೆ ಮಂತ್ರಿಮಂಡಲದ ನಿರ್ಣಯ ತಿಳಿಸಬೇಕು. ದಿನದಿನದ ಸದನ ವರದಿಯ ಮಾತು ಅದರಲ್ಲಿಲ್ಲ. ಹೋಲಿಸುವುದಾದರೆ ಸಂಪುಟದ ಪತ್ರಕ್ಕೆ ಹೋಲಿಸು.

ನಿನ್ನ,
ಅಮ್ಮ